ಹತ್ತಿದ ಬೆಟ್ಟಕ್ಕೇ ಮತ್ತೊಮ್ಮೆ

ಶನಿವಾರ ರಾತ್ರಿ ಹನ್ನೆರಡು ಕಳೆಯಿತೆಂದರೆ ಬೆಂಗಳೂರಿನ ಹೆಬ್ಬಾಳದಿಂದ ಉತ್ತರಕ್ಕೆ ಬೈಕುಗಳ ಸಾಲು ಹೊರಡುತ್ತದೆ. ದೇವನಹಳ್ಳಿ ದಾಟಿದ ಮೇಲೆ ಒಂದಷ್ಟು ಮಂದಿ ನಂದಿಯ ಕಡೆ ಹೊರಳುತ್ತಾರೆ. ಒಂದಷ್ಟು ಮಂದಿ ಚಿಕ್ಕಬಳ್ಳಾಪುರದವರೆಗೆ ಬಂದು ಸ್ಕಂದಗಿರಿಯ ಬುಡದಲ್ಲಿ ಗಾಡಿ ನಿಲ್ಲಿಸುತ್ತಾರೆ. ಇವೆರಡೂ ಆಗಿಹೋದವರು ಹೈದರಾಬಾದ್ ಹೆದ್ದಾರಿಯಲ್ಲೇ ಮುಂದುವರಿದು, ಪೆರೇಸಂದ್ರದಲ್ಲಿ ಎಡಕ್ಕೆ ತಿರುಗಿ, ಮಂಡಿಕಲ್ ಹಾದು ಆವಲಬೆಟ್ಟ ಸೇರುತ್ತಾರೆ. ಬೆಳಕು ಹರಿಯುವಾಗ ನೆತ್ತಿಯ ಮೇಲಿರಬೇಕು, ಕೆಳಗೆ ಮೋಡ ಹಾಸಿರಬೇಕು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಒಂಬತ್ತಕ್ಕೆ ಕೆಳಗಿಳಿದು ಹೆದ್ದಾರಿ ಬದಿಯಲ್ಲಿ ತಟ್ಟೆ ಇಡ್ಲಿ, ಊಟದ ಹೊತ್ತಿಗೆ ಮನೆ. ಬರುವ ವಾರ ಬೇರೆ ಬೆಟ್ಟ. ನೋಡಿದ್ದನ್ನೇ ಯಾರು ನೋಡುತ್ತಾರೆ?

ಈ ಸೀಮೆಯವರು ನೋಡುತ್ತಾರೆ. ಮಂಡಿಕಲ್ ಹೋಬಳಿಯ ಎಷ್ಟೋ ಮನೆಗಳವರು ಆವಲಬೆಟ್ಟದ ಲಕ್ಷ್ಮೀನರಸಿಂಹನಿಗೆ ನಡೆದುಕೊಳ್ಳುವವರು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಒಂದು ಸಲ ಹತ್ತಬೇಕು. ಮಗುವಾದರೆ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಮುಡಿ ತೆಗೆಸಲು ಹತ್ತಬೇಕು. ಆ ಮಗುವಿನ ಮದುವೆ ಬಂದಾಗ ಲಗ್ನಪತ್ರಿಕೆಯನ್ನು ದೇವರ ಮುಂದಿಟ್ಟು ಬರಲು ಹತ್ತಬೇಕು. ನಡುವೆ ಬೆಳೆ ಕೈಕೊಟ್ಟರೆ, ಕಾಯಿಲೆ ವಾಸಿಯಾದರೆ, ಬೋರ್‌ವೆಲ್‌ನಲ್ಲಿ ನೀರು ಬಿದ್ದರೆ ಹರಕೆ ಇದ್ದೇ ಇದೆ. 'ಆವಲಬೆಟ್ಟ ನೋಡಿದ್ದೀರಾ' ಎಂದು ಕೇಳಿದರೆ ಇಲ್ಲಿಯವರು ನಿಮ್ಮ ಮುಖ ನೋಡುತ್ತಾರೆ. ಕೊನೇ ಸಲ ಯಾವಾಗ ಹೋಗಿದ್ರಿ ಎಂದು ಕೇಳಬೇಕು.

ನಾನೂ ನಮ್ಮನೆಯವರೂ ಈ ಎರಡು ಗುಂಪಿಗೂ ಪೂರ್ತಿಯಾಗಿ ಸೇರದವರು. ಮದುವೆಯಾದ ಹೊಸದರಲ್ಲಿ ಇವರು ಮಂಡಿಕಲ್ ಸುತ್ತಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಯ ಒಂದು ತಾಲ್ಲೂಕು, ಜಿಲ್ಲೆಯಾದದ್ದು 2007ರಲ್ಲಿ. ಸಿನಿಮಾಕ್ಕೆ ಚಿಕ್ಕಬಳ್ಳಾಪುರಕ್ಕೇ ಹೋಗಬೇಕು, ರಾತ್ರಿ ವಾಪಸ್ ಬಸ್ಸಿಲ್ಲ. ಭಾನುವಾರ ಮಾಡಲು ಕೆಲಸವಿಲ್ಲದ ಹೊಸ ಜೋಡಿಗೆ ಉಳಿದದ್ದು ಬೆಟ್ಟ. ಚಿತ್ರಾನ್ನದ ಡಬ್ಬಿ, ಒಂದು ಹಿಡಿ ಹುರಿಗಡಲೆ, ನೀರಿಗೆ ಹಳೆಯ ಸಿಹಿಪಾನೀಯದ ಗಾಜಿನ ಬಾಟಲಿ, ಇಷ್ಟು ಹಿಡಿದು ಹೊರಟುಬಿಡುತ್ತಿದ್ದೆವು. ಅದನ್ನು ಟ್ರೆಕ್ಕಿಂಗ್ ಎನ್ನುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಆಮೇಲೆ ವರ್ಗ, ಮಕ್ಕಳು, ಬೆಂಗಳೂರು. ಇವರು ನಿವೃತ್ತರಾದ ಮೇಲೂ ಹೋಗೋಣ ಹೋಗೋಣ ಎನ್ನುತ್ತಲೇ ಕಾಲ ಹೋಯಿತು. ಕೊನೆಗೆ ಕಳೆದ ಡಿಸೆಂಬರಿನಲ್ಲಿ, ಮಗ ಸೊಸೆ ಮನಾಲಿಗೆ ಟಿಕೆಟ್ ತೆಗೆಸುತ್ತೇವೆಂದು ಕೂತಾಗ, ಇವರು ಪೇಪರಿನಿಂದ ತಲೆಯೆತ್ತದೆ "ಬೇಡಪ್ಪ, ನಾವು ಮಂಡಿಕಲ್‌ಗೆ ಹೋಗ್ತೀವಿ" ಎಂದರು.

ಉಳಿದುಕೊಂಡದ್ದು ಇವರ ಹಳೆಯ ಶಿಷ್ಯರೊಬ್ಬರ ತೋಟದ ಮನೆಯಲ್ಲಿ. ರೇಷ್ಮೆಯ ಮನೆ ಅದು. ನಾವು ಹೋದಾಗ ಹುಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಸೊಪ್ಪು ಮೇಯುವ ಹೊತ್ತು. ಆ ಕೆಲವು ದಿನ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಬೆಳಕು ಹರಿಯುವ ಮುಂಚೆ ಗಂಡ ಹಿಪ್ಪುನೇರಳೆ ಕಡ್ಡಿ ಕಡಿದು ಹೊರೆ ತರುತ್ತಾರೆ. ಹೆಂಡತಿ ಸೀರೆಯ ಸೆರಗು ಬಿಗಿದು ತಟ್ಟುಗಳ ಮೇಲೆ ಹರಡುತ್ತಾರೆ. ಮಧ್ಯಾಹ್ನ ಮತ್ತೆ, ಸಂಜೆ ಮತ್ತೆ, ಮಲಗುವ ಮುಂಚೆ ಮತ್ತೆ. ಹಣ್ಣಾದ ಹುಳುವನ್ನು, ಅಂದರೆ ಮೇವು ಬಿಟ್ಟು ಮೈ ಹಳದಿಗೆ ತಿರುಗಿ ತಲೆಯೆತ್ತಿ ಆಡಿಸುವ ಹುಳುವನ್ನು, ಕೈಯಲ್ಲಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಒಂದು ದಿನ ತಡವಾದರೆ ನೂಲು ಹಾಸಿಗೆಯಲ್ಲೇ ಪೋಲು. ಆಮೇಲೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ.

"ನೀವು ಕೊನೇ ಸಲ ಬೆಟ್ಟಕ್ಕೆ ಹೋಗಿದ್ದು ಯಾವಾಗಮ್ಮಾ?" ಎಂದು ಆಕೆಯನ್ನು ಕೇಳಿದೆ.

"ದೊಡ್ಡೋನ ಮುಡಿ ತೆಗ್ಸೋಕೆ ಅಕ್ಕಾ. ಈಗ ಅವ್ನು ಡಿಗ್ರಿ ಓದ್ತವ್ನೆ." ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು, "ಇಲ್ಲಿಂದ ದಿನಾ ಕಾಣ್ಸುತ್ತಲ್ಲ, ಸಾಕು. ಕೈ ಮುಗೀತೀನಿ" ಎಂದರು. ಅವರ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಊರು ಬಿಡುವ ಹಾಗೇ ಇಲ್ಲ, ಒಬ್ಬರಾದರೂ ಹುಳುವಿನ ಹತ್ತಿರ ಇರಬೇಕು. ಗಂಡ ಹೆಂಡತಿ ಜೊತೆಯಾಗಿ ರಜೆ ಹೋಗುವುದೆಂಬುದು ಸಂಬಳದ ಮನೆಗಳ ಸುಖ ಎನ್ನುವುದು ಆ ಹುಳುಮನೆಯಲ್ಲಿ ನಿಂತಾಗ ಚೆನ್ನಾಗಿ ತಿಳಿಯುತ್ತದೆ.

ಮಂಡಿಕಲ್‌ನಿಂದ ಆವಲಬೆಟ್ಟದ ದಾರಿಯಲ್ಲಿ ಡಿಸೆಂಬರಿನಲ್ಲಿ ಹೋದರೆ ಟಾರು ರಸ್ತೆಯ ಮೇಲೆ ರಾಗಿ ಸಿಗುತ್ತದೆ. ಕಣ ಮಾಡುವ ಕಾಲ ಹೋಯಿತು. ತೆನೆಯನ್ನು ರಸ್ತೆಗೆ ಅಡ್ಡ ಹರಡಿ, ಪಕ್ಕದಲ್ಲಿ ಕಲ್ಲಿಟ್ಟು, ಹೋಗಿಬರುವ ಗಾಡಿಗಳಿಂದಲೇ ತುಳಿಸುವುದು ಈಗಿನ ಪದ್ಧತಿ. ನಮ್ಮ ಆಟೋ ಅದರ ಮೇಲೆ ಹೋದಾಗ ಬದಿಯಲ್ಲಿ ಕೂತಿದ್ದ ಅಜ್ಜಿ "ಇನ್ನೊಂದು ಸುತ್ತು ಹಾಕಪ್ಪ" ಎಂದು ಡ್ರೈವರನ್ನು ಕೂಗಿದರು. ಬೈಕಿನವರಿಗೆ ಇದು ಅಪಾಯ, ಒಣಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಬೆಳಗಿನ ಕತ್ತಲಲ್ಲಿ ಬೆಟ್ಟಕ್ಕೆ ಧಾವಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಆವಲಬೆಟ್ಟಕ್ಕೆ ಧೇನುಗಿರಿ ಎಂದೂ ಹೆಸರುಂಟು. ಬೆಂಗಳೂರಿನಿಂದ ಸುಮಾರು 90 ಕಿಲೋಮೀಟರ್. ಈಗ ಬಹಳಷ್ಟು ಮೇಲಿನವರೆಗೆ ಗಾಡಿ ಹೋಗುತ್ತದೆ, ಅಲ್ಲಿಂದ ಗುಡಿಗೆ ಮೆಟ್ಟಿಲು. ನಾವು ಆಟೋವನ್ನು ಕೆಳಗೇ ಬಿಟ್ಟು ನಡೆದೆವು. ಅದೇ ನಮ್ಮ ರಜೆಯ ಏಕೈಕ ಕಟ್ಟುನಿಟ್ಟು.

ಇಬ್ಬರು ಜೊತೆಯಾಗಿ ನಡೆಯುವುದು ಅಂದರೆ ಒಂದೇ ವೇಗದಲ್ಲಿ ನಡೆಯುವುದು ಎಂದುಕೊಂಡವರು ಮದುವೆಯಾಗದವರಿರಬೇಕು. ಆಗ ಇವರು ಯಾವಾಗಲೂ ಮುಂದೆ. ನಾನು ಸೀರೆ ಎತ್ತಿ ಕಟ್ಟಿ, ರಬ್ಬರ್ ಚಪ್ಪಲಿಯಲ್ಲಿ ಹಿಂದೆ ಏದುಸಿರು ಬಿಡುತ್ತಾ ಬರಬೇಕು. ತಿರುವಿನಲ್ಲಿ ನಿಂತು ಕಾಯುವರು, ನಾನು ತಲುಪುತ್ತಿದ್ದಂತೆಯೇ "ಸರಿ, ಹೋಗೋಣ" ಎಂದು ಹೊರಟುಬಿಡುವರು. ಅಂದರೆ ದಣಿದವಳಿಗೆ ದಣಿವಾರಿಸಿಕೊಳ್ಳಲು ಸಮಯವೇ ಇಲ್ಲ, ದಣಿಯದವರಿಗೆ ಭರ್ಜರಿ ವಿಶ್ರಾಂತಿ. ಈಗ ಲೆಕ್ಕ ತಿರುಗಿದೆ. ನನ್ನ ಕಾಲು ಗಟ್ಟಿ, ಅವರ ಬಲ ಮಂಡಿ ಸವೆದಿದೆ. ನಾನು ತಿರುವಿನಲ್ಲಿ ನಿಲ್ಲುತ್ತೇನೆ. ಅವರು ಬಂದ ಮೇಲೂ ನಿಲ್ಲುತ್ತೇನೆ. "ಏನು, ನಿಂತುಬಿಟ್ಟೆ?" ಎನ್ನುತ್ತಾರೆ. "ನೀವು ಉಸಿರು ತಗೊಳ್ಳಿ ಅಂತ ರೀ" ಎನ್ನುತ್ತೇನೆ. ಅವರಿಗೆ ಮಾತು ತಾಕಿತೋ ಇಲ್ಲವೋ, ಗಣಿತದ ಮೇಷ್ಟ್ರ ಮುಖ ನೋಡಿ ಹೇಳುವುದು ಕಷ್ಟ.

ಮಾಗಿಯ ಚಳಿಯಲ್ಲಿ ಈ ಬೆಟ್ಟಗಳ ಕೆಳಗೆ ಮೋಡ ಹಾಸಿದ ಹಾಗೆ ಕಾಣುವುದು ಮೋಡಕ್ಕಿಂತ ಹೆಚ್ಚಾಗಿ ಮಂಜು. ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ತಗ್ಗಿಗೆ ಇಳಿದು ಕೂರುತ್ತದೆ. ಕೆರೆ ಗದ್ದೆಗಳ ತೇವ ಅದರಲ್ಲಿ ಮಂಜಾಗುತ್ತದೆ. ಮೇಲಿನ ಗಾಳಿ ಇದಕ್ಕಿಂತ ಬೆಚ್ಚಗಿರುವುದರಿಂದ ಮಂಜು ಮೇಲೇಳಲಾರದೆ ಅಲ್ಲೇ ನಿಲ್ಲುತ್ತದೆ. ಬೆಟ್ಟದ ತಲೆ ಮಾತ್ರ ಹೊರಗೆ. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ ವರ್ಷ ನೋಟವೂ ಚೆನ್ನ. ಬಿಸಿಲೇರಿದರೆ ಎಲ್ಲ ಕರಗಿ, ಕೆಳಗಿನ ಹೊಲ, ನೀಲಗಿರಿ ತೋಪು, ಪ್ಲಾಸ್ಟಿಕ್ ಹೊದಿಸಿದ ಹೂವಿನ ಮನೆಗಳು ಎಲ್ಲ ಒಂದೊಂದಾಗಿ ಬೆಳಕಿಗೆ ಬರುತ್ತವೆ. ನಗರದವರು ಇಳಿದುಹೋಗುವುದು ಸರಿಯಾಗಿ ಆ ಹೊತ್ತಿಗೆ. ನನ್ನ ಕೇಳಿದರೆ ಬೆಟ್ಟ ನೋಡಲು ಶುರುಮಾಡಬೇಕಾದದ್ದೇ ಆಗ. ಯಾವ ಕೆರೆಯಲ್ಲಿ ನೀರಿದೆ, ಯಾರ ಹೊಲದ ಕಳೆ ಕಿತ್ತಿಲ್ಲ, ಯಾವ ಗುಡ್ಡ ಹೋದ ಸಲಕ್ಕಿಂತ ಕರಗಿದೆ ಎಂಬುದು ಮಂಜಿನಲ್ಲಿ ಕಾಣುವುದಿಲ್ಲ.

ಗುಡ್ಡ ಕರಗುವುದು ಮಾತಿಗೆ ಹೇಳಿದ್ದಲ್ಲ. ಪೆರೇಸಂದ್ರದ ಸುತ್ತ ಕಲ್ಲು ಕ್ವಾರಿಗಳು, ಕ್ರಷರ್‌ಗಳು. ನಾವಿದ್ದಾಗ ಪೂರ್ತಿ ಬೆನ್ನಿದ್ದ ಒಂದು ಗುಡ್ಡ ಈಗ ಅರ್ಧ ಮಾತ್ರ ಇದೆ. ಉಳಿದರ್ಧದ ಜಾಗದಲ್ಲಿ ಹಸಿರು ನೀರು ನಿಂತ ಹೊಂಡ. 2021ರ ಫೆಬ್ರವರಿಯಲ್ಲಿ ಇಲ್ಲಿಯ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ಕಡ್ಡಿಗಳು ನಡುರಾತ್ರಿ ಸಿಡಿದು ಆರು ಜನ ಸತ್ತರು. ಆ ಸದ್ದು ತೋಟದ ಮನೆಯವರಿಗೆ ಇನ್ನೂ ನೆನಪಿದೆ. ಬೆಂಗಳೂರಿನ ಮನೆಗಳಿಗೆ ಜಲ್ಲಿ ಬೇಕು, ಎಂ-ಸ್ಯಾಂಡ್ ಬೇಕು. ಬೆಂಗಳೂರಿನ ಭಾನುವಾರಕ್ಕೆ ಬೆಟ್ಟವೂ ಬೇಕು. ಎರಡನ್ನೂ ಒಂದೇ ಹೋಬಳಿಯಿಂದ ತರಿಸಿಕೊಳ್ಳುತ್ತಿದ್ದೇವೆ.

ಇದಕ್ಕಿಂತ ದೊಡ್ಡ ವಿಚಿತ್ರ ನೀರಿನದು. ನಂದಿಯ ಸುತ್ತಿನ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ. ಪಾಲಾರ್ ತಮಿಳುನಾಡಿಗೆ, ಉತ್ತರ ಪಿನಾಕಿನಿ ಪೆನ್ನಾ ಎಂದು ಆಂಧ್ರಕ್ಕೆ. ಇಷ್ಟು ನದಿಗಳ ತವರಾದ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದೂ ನದಿಯಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವ ಖಾತರಿ ಇಲ್ಲ. ಸಿಕ್ಕ ನೀರಿನಲ್ಲಿ ಫ್ಲೋರೈಡ್. ಈಗೀಗ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಈ ಕಡೆಯ ಕೆರೆಗಳಿಗೆ ಬರುತ್ತಿದೆ. ಎತ್ತಿನಹೊಳೆಯ ನೀರಿಗೆ ಇನ್ನೂ ಕಾಯುತ್ತಿದ್ದಾರೆ. ಮೇಲಿನಿಂದ ಕಂಡ ತುಂಬಿದ ಕೆರೆಯೊಂದನ್ನು ತೋರಿಸಿ ನಾನು ಖುಷಿಪಟ್ಟರೆ, ನಮ್ಮ ಜೊತೆ ಮೆಟ್ಟಿಲೇರುತ್ತಿದ್ದ ರೈತರೊಬ್ಬರು "ಅದು ನಿಮ್ಮೂರ ನೀರೇ ಅಮ್ಮಾವ್ರೇ" ಎಂದು ನಕ್ಕರು.

ಧನುರ್ಮಾಸವಾದ್ದರಿಂದ ಗುಡಿಯಲ್ಲಿ ಹುಗ್ಗಿ ಸಿಕ್ಕಿತು. ಮುತ್ತುಗದ ಎಲೆಯ ದೊನ್ನೆಯಲ್ಲಿ, ಮೆಣಸು ಜೋರಾಗಿ. ಕೋತಿಗಳಿಗೆ ಇದರ ಸಮಯ ಅರ್ಚಕರಿಗಿಂತ ಚೆನ್ನಾಗಿ ಗೊತ್ತು. ಇವರು ದೊನ್ನೆಯನ್ನು ಶಾಲಿನೊಳಗೆ ಮುಚ್ಚಿಕೊಂಡು ತಿಂದರು. ನನ್ನದು ಅರ್ಧ ಕೋತಿಗೆ ಹೋಯಿತು. ಗುಡಿಯ ಆಚೆ ಪ್ರಪಾತದ ಕಡೆ ಗಾಳಿಯಲ್ಲಿ ಚಾಚಿ ನಿಂತ ಬಂಡೆಯೊಂದಿದೆ, ಇನ್‌ಸ್ಟಾಗ್ರಾಂನಲ್ಲಿ ಆವಲಬೆಟ್ಟವೆಂದರೆ ಆ ಬಂಡೆಯೇ. ಅದರ ತುದಿಯಲ್ಲಿ ನಿಲ್ಲಲು ಹುಡುಗರು ಸರತಿ ಕಾಯುತ್ತಿದ್ದರು. ನಮ್ಮ ಕಾಲದಲ್ಲಿ ಅದರ ಮೇಲೆ ಕೂತು ಚಿತ್ರಾನ್ನ ತಿಂದಿದ್ದೆವು ಎಂದು ಇವರು ಒಬ್ಬ ಹುಡುಗನಿಗೆ ಹೇಳಿದಾಗ, "ಫೋಟೋ ಇದೆಯಾ ಅಂಕಲ್?" ಎಂದು ಕೇಳಿದ. ಇಲ್ಲ ಎಂದ ಮೇಲೆ ಅವನ ಆಸಕ್ತಿ ಹೋಯಿತು.

ಬಂಡೆಯ ವಿಷಯಕ್ಕೆ ಒಂದು ಮಾತು. ಈ ಬೆಟ್ಟಗಳೆಲ್ಲ ನೂರಾರು ಕೋಟಿ ವರ್ಷ ಹಳೆಯ ಗ್ರಾನೈಟ್. ಹಗಲಿನ ಬಿಸಿ, ರಾತ್ರಿಯ ತಂಪು, ಸಂದಿಗೆ ಇಳಿಯುವ ನೀರು ಎಲ್ಲ ಸೇರಿ ಮೇಲ್ಮೈ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಆದ್ದರಿಂದಲೇ ಇಲ್ಲಿ ಬಂಡೆಗಳು ಇಷ್ಟು ದುಂಡಗೆ, ನುಣ್ಣಗೆ. ಒಣಗಿದಾಗ ಕಾಲು ಚೆನ್ನಾಗಿ ಹಿಡಿಯುವ ಇದೇ ಕಲ್ಲು ಇಬ್ಬನಿ ಬಿದ್ದರೆ, ಪಾಚಿ ಕಟ್ಟಿದ್ದರೆ ನಿಲ್ಲಗೊಡುವುದಿಲ್ಲ. 2022ರ ಫೆಬ್ರವರಿಯಲ್ಲಿ ನಂದಿಯ ಪಕ್ಕದ ಬ್ರಹ್ಮಗಿರಿಯಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಜಾರಿ ಬಿದ್ದು ಬಂಡೆಯ ಮಧ್ಯೆ ಸಿಕ್ಕಿಕೊಂಡ. ವಾಯುಪಡೆಯ ಹೆಲಿಕಾಪ್ಟರ್ ಬಂದು ಮೇಲೆತ್ತಬೇಕಾಯಿತು. ಊರಿನವರನ್ನು ಕೇಳಿದರೆ ಒಂದೇ ಮಾತು ಹೇಳುತ್ತಾರೆ: ಬೆಳಗಿನ ಜಾವ ಯಾರಾದರೂ ಬಂಡೆ ಹತ್ತುತ್ತಾರಾ? ಕುರಿ ಕಾಯುವವರೂ ಬಿಸಿಲು ಬಿದ್ದ ಮೇಲೇ ಹತ್ತುವುದು.

ಸ್ಕಂದಗಿರಿಗೆ ನಾವು ಹೋಗಲಿಲ್ಲ, ಅದಕ್ಕೆ ಮೊದಲೇ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಂದೇ ವಾರಾಂತ್ಯ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಕಡಿವಾಣ ಹಾಕಿ, ಅದೇ ವರ್ಷ ಅಕ್ಟೋಬರಿನಿಂದ ಆನ್‌ಲೈನ್ ಬುಕಿಂಗ್ ಇಟ್ಟು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹೇರಿತು. ಒಳ್ಳೆಯ ಕೆಲಸವೇ. ಆದರೆ ಬೆಟ್ಟಕ್ಕೆ ಹೋಗಲು ಒಟಿಪಿ ಬರಬೇಕೆಂದರೆ ಇವರು ಒಪ್ಪುವುದಿಲ್ಲ.

ನಂದಿಗೆ ಹೋದೆವು, ಆದರೆ ಮೇಲೆ ಹೋಗುವ ಮುಂಚೆ ಕೆಳಗಿನ ನಂದಿ ಗ್ರಾಮಕ್ಕೆ. ಅಲ್ಲಿಯ ಭೋಗನಂದೀಶ್ವರ ದೇವಾಲಯ ಒಂಬತ್ತನೆಯ ಶತಮಾನದಷ್ಟು ಹಳೆಯದು. ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕೈ ಅದರ ಮೇಲಿದೆ. ಒಳಗೆ ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ. ಎಲ್ಲ ಬಿಟ್ಟ ಮೇಲಿನ ಯೋಗನಂದೀಶ್ವರ ಬೆಟ್ಟದ ಮೇಲೆ ಎಂಬುದು ಇಲ್ಲಿಯ ನಂಬಿಕೆ. ಕೆಳಗಿನವನಿಗೆ ಉತ್ಸವ, ಕಲ್ಯಾಣ, ಮಂಟಪ, ಸಂಭ್ರಮ. ಮೇಲಿನವನು ಒಬ್ಬನೇ. ಹೊಸದಾಗಿ ಮದುವೆಯಾದವರು ಉಮಾಮಹೇಶ್ವರನ ಮುಂದೆ ಬಂದು ಕೈಮುಗಿಯುತ್ತಾರೆ. ನಾವು ಹೋದ ದಿನವೂ ಅರಿಶಿನ ಆರದ ಒಂದು ಜೋಡಿ ಇತ್ತು. ಹುಡುಗಿಯ ಕೈಯಲ್ಲಿ ಸೋದರತ್ತೆಯ ಮೊಬೈಲು, ಹುಡುಗನ ಕೈಯಲ್ಲಿ ಎಲ್ಲರ ಚಪ್ಪಲಿಯ ಚೀಲ. ಕಲ್ಯಾಣ ಮಂಟಪದ ಕಂಬಗಳ ಕುಸುರಿಯನ್ನು ಕೂತು ನೋಡಲು ಅರ್ಧ ದಿನ ಬೇಕು. ಗಿಳಿಯೊಂದು ಹಣ್ಣು ಕುಕ್ಕುವುದನ್ನು ಕಲ್ಲಿನಲ್ಲಿ ಕಡೆದವನ ತಾಳ್ಮೆಗೆ ಏನೆನ್ನುವುದು!

ಭೋಗದಿಂದ ಯೋಗಕ್ಕೆ ಸಾವಿರದ ಚಿಲ್ಲರೆ ಮೆಟ್ಟಿಲು. ಆಗ ಆ ದಾರಿಯಲ್ಲೇ ಹತ್ತಿದ್ದೆವು. ಈ ಸಲ ಬಸ್ಸಿನಲ್ಲಿ ಹೋದೆವು. ಮಂಡಿಯ ಡಾಕ್ಟರು ಮೆಟ್ಟಿಲು ಬೇಡ ಎಂದಿದ್ದಾರೆ, ಇಳಿಜಾರು ಪರವಾಗಿಲ್ಲವಂತೆ. 1478 ಮೀಟರ್ ಎತ್ತರದ ನಂದಿಯ ಬಗ್ಗೆ ಹೊಸದಾಗಿ ಹೇಳುವುದಕ್ಕೆ ಏನೂ ಇಲ್ಲ. ಟಿಪ್ಪುವಿನ ಕೋಟೆಯನ್ನು ಕಾರ್ನ್‌ವಾಲಿಸನ ಸೇನೆ 1791ರ ಅಕ್ಟೋಬರಿನಲ್ಲಿ ಹಿಡಿದದ್ದು, ಕಬ್ಬನ್ನರ ಬಂಗಲೆ, 1986ರ ಸಾರ್ಕ್ ನಾಯಕರು, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಗಾಂಧೀಜಿಯ ಸಂಗತಿ ಮಾತ್ರ ನನಗೆ ಇಷ್ಟ. 1927ರಲ್ಲಿ ರಕ್ತದೊತ್ತಡದಿಂದ ಬಳಲಿ ವಿಶ್ರಾಂತಿಗೆ ಇಲ್ಲಿಗೆ ಬಂದರು. ಒಂಬತ್ತು ವರ್ಷದ ಮೇಲೆ, 1936ರಲ್ಲಿ ಮತ್ತೆ ವಿಶ್ರಾಂತಿ ಬೇಕಾದಾಗ ದೇಶದಲ್ಲಿ ಬೇರೆ ಬೆಟ್ಟಗಳಿರಲಿಲ್ಲವೇ? ಅದೇ ಬೆಟ್ಟಕ್ಕೆ ಬಂದರು.

ಬಿಟ್ಟ ಬೆಟ್ಟಕ್ಕೇ ಮರಳಿದ ದಂಪತಿಗಳ ಕಥೆಗಳಲ್ಲಿ ನನಗೆ ಗೊತ್ತಿರುವ ದೊಡ್ಡ ಕಥೆ ಇಟಲಿಯದು. ನೀವೆಸ್ ಮೆರೋಯಿ, ರೊಮಾನೊ ಬೆನೆಟ್ ಗಂಡ ಹೆಂಡತಿ. ಎಂಟು ಸಾವಿರ ಮೀಟರ್ ಮೀರಿದ ಹದಿನಾಲ್ಕು ಶಿಖರಗಳನ್ನು ಆಮ್ಲಜನಕದ ಸಿಲಿಂಡರ್ ಇಲ್ಲದೆ ಜೊತೆಯಾಗಿ ಹತ್ತುತ್ತಾ ಬಂದವರು. 2009ರ ಹೊತ್ತಿಗೆ ಹನ್ನೊಂದು ಮುಗಿದಿತ್ತು. ಹದಿನಾಲ್ಕನ್ನೂ ಮುಗಿಸಿದ ಮೊದಲ ಹೆಂಗಸು ಯಾರಾಗುತ್ತಾರೆ ಎಂದು ಆಗ ಜಗತ್ತಿನಲ್ಲಿ ಪೈಪೋಟಿ ನಡೆದಿತ್ತು, ಮೆರೋಯಿ ಆ ಸಾಲಿನಲ್ಲಿ ಮುಂದಿದ್ದರು. ಆ ವರ್ಷ ಕಾಂಚನಗಂಗಾ ಏರುವಾಗ ಗಂಡನಿಗೆ ಹೆಜ್ಜೆ ಎತ್ತಲಾಗಲಿಲ್ಲ. ನೀನು ಹೋಗಿ ಬಾ, ನಾನು ಕಾಯುತ್ತೇನೆ ಎಂಬುದು ಅವರ ಮಾತು. ಆಕೆ ಹೋಗಲಿಲ್ಲ, ಗಂಡನನ್ನು ಕೆಳಗಿಳಿಸಿಕೊಂಡು ಬಂದರು. ಆಮೇಲೆ ಗೊತ್ತಾಯಿತು, ಮೂಳೆಯ ಮಜ್ಜೆಯಲ್ಲಿ ರಕ್ತ ಹುಟ್ಟುವುದೇ ನಿಲ್ಲುವಂಥ ಕಾಯಿಲೆ. ಎರಡು ಸಲ ಮಜ್ಜೆ ಕಸಿ ಮಾಡಬೇಕಾಯಿತು. 2014ರಲ್ಲಿ ಇಬ್ಬರೂ ಕಾಂಚನಗಂಗಾಕ್ಕೆ ಮರಳಿ ಬಂದು ತುದಿ ಮುಟ್ಟಿದರು, 2017ರಲ್ಲಿ ಅನ್ನಪೂರ್ಣ ಹತ್ತಿ ಹದಿನಾಲ್ಕನ್ನೂ ಮುಗಿಸಿದರು. ಮೊದಲ ಹೆಂಗಸು ಎಂಬ ಪಟ್ಟ ಅಷ್ಟರಲ್ಲಿ ಬೇರೆಯವರಿಗೆ ಹೋಗಿಯಾಗಿತ್ತು. ಕಾಂಚನಗಂಗಾದ ಬಗ್ಗೆ ಮೆರೋಯಿ ಬರೆದ ಪುಸ್ತಕದ ಹೆಸರೇ 'ನಿನ್ನನ್ನು ಕಾಯಿಸುವುದಿಲ್ಲ' ಎಂದು.

ಈ ಕಥೆಯನ್ನು ನಂದಿಯ ಕಟ್ಟೆಯ ಮೇಲೆ ಕೂತು ಇವರಿಗೆ ಹೇಳಿದೆ. ಗಮನವಿಟ್ಟು ಕೇಳಿ, "ಆಕೆ ತಪ್ಪು ಮಾಡಿದಳು" ಎಂದರು. "ಕೂತವನು ಕೂತೇ ಇರ್ತಿದ್ದ. ಹೋಗಿ ಬಂದಿದ್ದರೆ ಇಬ್ಬರಿಗೂ ಒಂದು ಸುದ್ದಿ ಇರ್ತಿತ್ತು." ಹಿಮದಲ್ಲಿ, ಏಳು ಸಾವಿರ ಮೀಟರ್ ಮೇಲೆ, ರಕ್ತವಿಲ್ಲದ ಮನುಷ್ಯ ಕೂತಿರುವುದಕ್ಕೂ ಲಾಲ್‌ಬಾಗಿನ ಬೆಂಚಿನ ಮೇಲೆ ಕೂತಿರುವುದಕ್ಕೂ ವ್ಯತ್ಯಾಸವಿದೆ ಎಂದು ವಾದಿಸಿದೆ. ಒಪ್ಪಲಿಲ್ಲ.

ಗುಡಿಬಂಡೆಯಲ್ಲಿ ಈ ವಾದ ಪರೀಕ್ಷೆಗೆ ಬಂತು.

ಗುಡಿಬಂಡೆ ನನಗೆ ಈ ಎಲ್ಲ ಬೆಟ್ಟಗಳಲ್ಲಿ ಹೆಚ್ಚು ಪ್ರೀತಿಯದು. ಪಾಳೆಯಗಾರ ಭೈರೇಗೌಡ ಕಟ್ಟಿಸಿದ ಹದಿನೇಳನೆಯ ಶತಮಾನದ ಕೋಟೆ. ಊರಿನ ನಡುವಿನಿಂದಲೇ ದಾರಿ ಮೇಲಕ್ಕೆ ಹೋಗುತ್ತದೆ. ಬಂಡೆಯನ್ನು ಕಡೆದ ಮೆಟ್ಟಿಲು, ಬಾಗಿಲು, ಮತ್ತೆ ಮೆಟ್ಟಿಲು, ಮತ್ತೆ ಬಾಗಿಲು, ಹೀಗೆ ಏಳು ಸುತ್ತು. ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋಗುವ ಕೆಲವು ಕಂಡಿಗಳು ಎಷ್ಟು ಕಿರಿದೆಂದರೆ ನಾನು ಅಡ್ಡ ತಿರುಗಿ ನುಸುಳಬೇಕಾಯಿತು. ಶತ್ರು ಒಬ್ಬೊಬ್ಬನಾಗಿಯೇ ಬರಬೇಕು ಎಂಬುದು ಕಟ್ಟಿಸಿದವನ ಉಪಾಯ. ತುದಿಯಲ್ಲಿ ರಾಮೇಶ್ವರನ ಗುಡಿ. ಅಲ್ಲಲ್ಲಿ ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳು. ಒಂದು ತುಂಬಿದರೆ ಹೆಚ್ಚಾದ ನೀರು ಇನ್ನೊಂದಕ್ಕೆ ಹರಿಯುವ ಹಾಗೆ ಜೋಡಿಸಿದ್ದಾರೆ, ಒಟ್ಟು ಹತ್ತೊಂಬತ್ತು ಎಂದು ಹೇಳುತ್ತಾರೆ. ಮುತ್ತಿಗೆ ಹಾಕಿದರೆ ಮೇಲಿದ್ದವರು ತಿಂಗಳುಗಟ್ಟಲೆ ಕುಡಿದು ಬದುಕಲು. ನಾವು ಹೋದಾಗ ಕೆಲವು ದೊಣೆಗಳಲ್ಲಿ ನೀರು ಕಪ್ಪಗೆ ತಿಳಿಯಾಗಿತ್ತು, ಅಂಚಿನಲ್ಲಿ ಆಡಿನ ಗೊರಸಿನ ಗುರುತು. ಇನ್ನು ಕೆಲವದರಲ್ಲಿ ಚಿಪ್ಸ್ ಪಾಕೆಟ್ಟು, ನೀರಿನ ಬಾಟಲಿ. ಕೆಳಗೆ ಅಮಾನಿ ಭೈರಸಾಗರ ಕೆರೆ. ಮೇಲಿನಿಂದ ನೋಡಿದರೆ ಅದರ ಆಕಾರ ಭಾರತದ ನಕ್ಷೆಯಂತೆ ಕಾಣುತ್ತದೆ ಎನ್ನುವುದು ಪ್ರಸಿದ್ಧ. ನೀರು ಇಳಿದಂತೆ ಗಡಿಗಳೂ ಬದಲಾಗುತ್ತವೆ, ಅದು ಬೇರೆ ಮಾತು.

ಇದೆಲ್ಲವನ್ನೂ ನಾನೊಬ್ಬಳೇ ನೋಡಿದೆ. ಮೂರನೆಯ ಬಾಗಿಲಿನ ಹತ್ತಿರ ಇವರು ಮಂಡಿ ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟರು. ಮುಲಾಮು ಹಚ್ಚಿದೆ. ಹಾಗೇ ಸ್ವಲ್ಪ ಹೊತ್ತು ಕೂತೆವು.

"ಇಳಿಯೋಣ ರೀ."

"ಇಟಲಿ ಹೆಂಗಸಿನ ಥರ ಆಡಬೇಡ. ಹೋಗಿ ಬಾ. ಎಲ್ಲ ದೊಣೆ ಎಣಿಸ್ಕೊಂಡು ಬಾ."

ಹೋದೆ. ಮೊದಲ ತಿರುವಿನಲ್ಲಿ ತಿರುಗಿ ನೋಡಿದೆ, ಆಡು ಕಾಯುವ ಹುಡುಗನೊಬ್ಬನನ್ನು ಕೂರಿಸಿಕೊಂಡು ಆಗಲೇ ಏನೋ ವಿಚಾರಣೆ ಶುರುಮಾಡಿದ್ದರು. ಎಷ್ಟನೇ ಕ್ಲಾಸು, ಮಗ್ಗಿ ಬರುತ್ತಾ ಎಂದು ಇರಬೇಕು. ಎರಡನೆಯ ತಿರುವಿನಿಂದ ಅವರು ಕಾಣಲಿಲ್ಲ. ಇಷ್ಟು ವರ್ಷದಲ್ಲಿ ಬೆಟ್ಟದ ಮೇಲೆ ನಾನು ಒಬ್ಬಳೇ ನಡೆದದ್ದು ಅದೇ ಮೊದಲು. ಹಿಂದೆ ಏದುಸಿರಿಲ್ಲ, ಮುಂದೆ ಕಾಯುವವರಿಲ್ಲ. ಮನಸ್ಸಿಗೆ ಬಂದಲ್ಲಿ ನಿಂತೆ. ತಂಗಡಿ ಹೂವನ್ನು ಕಿತ್ತು ನೋಡಿದೆ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಅದಕ್ಕೆ ಇವರು ಪಕ್ಕದಲ್ಲಿಲ್ಲದ್ದೂ ಕಾರಣ, ಕೆಳಗೆ ಇದ್ದದ್ದೂ ಕಾರಣ. ರಾಮೇಶ್ವರನಿಗೆ ಇಬ್ಬರ ಹೆಸರಿನಲ್ಲೂ ಕರ್ಪೂರ ಹಚ್ಚಿದೆ, ದೊಣೆಗಳ ಸುತ್ತ ಓಡಾಡಿ ಎಣಿಸಿದೆ, ಗಾಳಿಗೆ ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದೆ.

"ಎಷ್ಟಿತ್ತು?"

"ಹನ್ನೆರಡೋ ಹದಿಮೂರೋ."

"ಹತ್ತೊಂಬತ್ತು ಇರಬೇಕಲ್ಲ?"

"ಇದ್ದಿದ್ದು ಅಷ್ಟೇ ರೀ. ಒಂದೊಂದನ್ನೂ ನೋಡಿದೆ."

"ನೋಡಿಲ್ಲ ನೀನು. ರಾಮೇಶ್ವರನ ಹಿಂದುಗಡೆ ಹೋದೆಯಾ? ಪೂರ್ವದ ಬುರುಜಿನ ಕೆಳಗೆ?" ಎಂದು ಮಂಡಿಯ ಮೇಲೆ ಕೈಯೂರಿ ನಕ್ಷೆ ಬಿಡಿಸುವವರ ಹಾಗೆ ಶುರುಮಾಡಿದರು. ಅಷ್ಟು ವರ್ಷದ ಹಿಂದೆ ನೋಡಿದ್ದು, ಬುರುಜಿನ ದಿಕ್ಕು ಸಮೇತ ನೆನಪಿದೆಯಂತೆ. ನಾವಿಬ್ಬರೂ ಆಡು ಹುಡುಗನ ಕಡೆ ತಿರುಗಿದೆವು. ಅವನು ಸ್ವಲ್ಪ ಯೋಚಿಸಿ, "ನೀರಿರೋವು ಕೇಳ್ತಿದೀರೋ, ಎಲ್ಲಾ ಸೇರ್ಸಿ ಕೇಳ್ತಿದೀರೋ ಮೇಷ್ಟ್ರೇ?" ಎಂದ.

ಇವರಿಗೆ ಪ್ರಶ್ನೆ ಬಹಳ ಹಿಡಿಸಿತು. ಹುಡುಗನ ಬೆನ್ನು ತಟ್ಟಿ, ಕಂಬದ ಆಸರೆಯಲ್ಲಿ ಎದ್ದು ನಿಂತು, "ನಾಳೆ ಮಂಡಿಕಲ್‌ನಿಂದ ಈ ಕಡೆಗೆ ಮೊದಲನೇ ಬಸ್ಸು ಎಷ್ಟೊತ್ತಿಗೋ?" ಎಂದು ಕೇಳಿದರು.